ಎಂಟು ಸೆಕೆಂಡು

ಸೀಟಿ ಊದಿದ ಮರುಗಳಿಗೆಯೇ ರೆಫರಿ ಜಟ್ಟಪ್ಪ ಮಾಸ್ತರರಿಗೆ ಅನುಮಾನ ಹೊಕ್ಕಿತು. ಕಾರವಾರದ ಮೈದಾನದಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್. ಅಂಕೋಲೆ ಒಂದು ಪಾಯಿಂಟ್ ಮುಂದಿತ್ತು, ಆಟ ಮುಗಿಯಲು ಅರ್ಧ ನಿಮಿಷವೂ ಉಳಿದಿರಲಿಲ್ಲ. ಅಂಕೋಲೆಯ ಲತಾ ಹೊತ್ತಿನೊಳಗೆ ಚೆಂಡನ್ನು ನಡುಗೆರೆ ದಾಟಿಸಲಿಲ್ಲವೆಂದು ಅವರು ಅದನ್ನು ಕಾರವಾರಕ್ಕೆ ಕೊಟ್ಟಿದ್ದರು.

ಅಂಕೋಲೆಯ ಕೋಚ್ ಸತೀಶ ಓಡಿಬಂದ. ಇವರ ಕೈಯಲ್ಲೇ ಆಟ ಕಲಿತವನು. "ಎಂತಾ ಮಾಸ್ತರೆ ಇದು? ಹತ್ತು ಸೆಕೆಂಡು ಎಲ್ಲಾಯ್ತು? ನಮಗೆ ಹತ್ತು ಅಂತ ಕಲ್ಸಿದವ್ರೇ ನೀವು!"

"ಈಗ ಎಂಟು. ನಿಯಮ ಬದಲಾಗಿ ವರ್ಷ ಆಯ್ತು, ಓದ್ಲಿಲ್ಲೇನಾ?" ಎಂದು ಗದರಿದರು. ಆದರೆ ಒಳಗೆ ನೆಮ್ಮದಿಯಿರಲಿಲ್ಲ.

ಇಪ್ಪತ್ತಾರು ವರ್ಷ ಸೆಕೆಂಡಿಗೊಮ್ಮೆ ಬೀಸುತ್ತ ಹತ್ತರವರೆಗೆ ಎಣಿಸಿ ಪಳಗಿದ ಕೈ ಅದು. ಹಿಂದಿನ ಎರಡು ಪಂದ್ಯಗಳಲ್ಲಿ ಎಂಟು ದಾಟಿದ್ದೇ ತಿಳಿಯದೆ ನಗೆಪಾಟಲಾಗಿದ್ದರು. ಅಂದಿನಿಂದ ಅಂಕೋಲೆ ಬಳಿಯ ಬೆಳಂಬಾರದ ಮನೆಯಲ್ಲಿ ಊಟಕ್ಕೆ ಕೂತರೂ ಎಣಿಕೆ, ಗದ್ದೆಯ ಬದುವಿನ ಮೇಲೆ ನಡೆದರೂ ಎಣಿಕೆ. ಆ ಭಯದಲ್ಲಿ ಇವತ್ತು ಎಣಿಕೆ ಓಡಿಸಿಬಿಟ್ಟೆನೇ?

ಮೇಜಿನ ಬಳಿ ಹೋದರು. ಸಮಯ ನೋಡುತ್ತಿದ್ದ ರೂಪಾಲಿ ಸ್ಟಾಪ್‌ವಾಚನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಎಷ್ಟಾಯ್ತು?"

"ನೀವು ಹೇಳಿದ್ದೇ ಆಖರಿ, ಸರ್."

"ಎಷ್ಟಾಯ್ತು ಹೇಳು."

"ಏಳು," ಎಂದಳು, ದನಿ ತಗ್ಗಿಸಿ.

ಕೊಟ್ಟ ತೀರ್ಪನ್ನು ಒಂದು ದಿನವೂ ಹಿಂದೆಗೆದುಕೊಂಡವರಲ್ಲ. ಕೈ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ತಪ್ಪು ನನ್ನದು. ಬೇಗ ಊದಿದೆ. ಚೆಂಡು ಅಂಕೋಲೆಗೆ. ಎಂಟು ಸೆಕೆಂಡು ಮೊದಲಿಂದ."

"ತಮ್ಮ ತಾಲೂಕಿಗೇ ಕೊಟ್ರು ನೋಡ್ರೋ!" ಎಂದು ಕಾರವಾರದವರು ಕೂಗೆಬ್ಬಿಸಿದರು. ನೀರಿನ ಬಾಟಲಿಯೊಂದು ಮಾಸ್ತರರ ಕಾಲ ಬಳಿ ಬಂದು ಬಿತ್ತು.

ಲತಾ ಮತ್ತೆ ಚೆಂಡು ಹಿಡಿದಳು. ಈಗ ಅವಳ ಕಣ್ಣು ಜೊತೆಯವರ ಮೇಲಿರಲಿಲ್ಲ, ಎಣಿಸುತ್ತ ಬೀಸುತ್ತಿದ್ದ ಮಾಸ್ತರರ ಕೈಯ ಮೇಲಿತ್ತು. ಮೂರಕ್ಕೇ ಗಾಬರಿಬಿದ್ದು ಎಸೆದಳು. ಚೆಂಡು ಎದುರಾಳಿಗೆ ಸಿಕ್ಕಿ ನೇರ ಬುಟ್ಟಿಗೆ ಬಿತ್ತು, ಎರಡು ಪಾಯಿಂಟ್. ಅಂಕೋಲೆ ಒಂದೇ ಪಾಯಿಂಟಿನಿಂದ ಸೋತಿತು.

ಸಂಜೆ ಅಂಕೋಲೆಯ ಬಸ್ಸಿನಲ್ಲಿ ಸತೀಶ ಮುಖ ತಿರುಗಿಸಿ ಕೂತ. ಲತಾ ಮಾತ್ರ ಎದ್ದುಬಂದು ಮಾಸ್ತರರ ಪಕ್ಕ ಕುಳಿತಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಸರ್, ಎಂಟು ಅಂದ್ರೆ ಎಷ್ಟೊತ್ತು? ನಂಗೆ ಅಂದಾಜೇ ಸಿಗೂದಿಲ್ಲ."

ಜಟ್ಟಪ್ಪ ಮಾಸ್ತರರು ಕೈಗಡಿಯಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. "ನೀ ಮುಳ್ಳು ನೋಡು. ನಾ ಎಣಿಸ್ತೆ." ಕಣ್ಣು ಮುಚ್ಚಿ ಎಣಿಸಿದರು. ಎಂಟಕ್ಕೆ ಕಣ್ಣು ತೆರೆದು ಅವಳ ಮುಖ ನೋಡಿದರು.

"ಈಗ್ಲೂ ಬೇಗ ಆಯ್ತು, ಸರ್. ಮುಳ್ಳು ಏಳರಲ್ಲೇ ಇತ್ತು," ಎಂದಳು ಲತಾ. "ಮತ್ತೊಮ್ಮೆ ಎಣ್ಸಿ."