ಶಾಯಿ ಹಿಡಿಯದ ಜಾಗ

ಹಿಂದೆಲ್ಲ ವೇದಿಕೆಯ ಮೇಲೆ ಹೆಂಡತಿ ಹಾಡುತ್ತಿದ್ದರೆ ಪಕ್ಕದಲ್ಲಿ ನಿಂತು ಅವನು ಚಿತ್ರ ಬರೆಯುತ್ತಿದ್ದ. ಆದರೆ ಒಂದು ವರ್ಷದಿಂದ ಅವಳ ಗಂಟಲಿನಿಂದ ಒಂದು ಸ್ವರವೂ ಹೊರಟಿರಲಿಲ್ಲ. ಈಗ ಅಂತೂ ಇಂತೂ ಮತ್ತೆ ಹಾಡಲು ಒಪ್ಪಿದ್ದಳು. ಈ ಸಲ ಕಾಗದ ಬೇಡ, ಇಳಿಬಿಟ್ಟ ಬಟ್ಟೆಯ ಮೇಲೆ ಶಾಯಿಯಲ್ಲಿ ಬರೆಯೋಣವೆಂದು ಅವನಿಗೆ ಹುರುಪು.

ಮನೆಯಲ್ಲಿ ಬರೆದು ನೋಡಿದಾಗ ಹೊಸ ಬಟ್ಟೆಯ ಗಂಜಿಗೆ ಶಾಯಿ ನಿಲ್ಲದೆ ಜಾರಿತು. ಹುಡುಕಿದಾಗ ಬೀರುವಿನ ತಳದಲ್ಲಿ ಹಳೆಯ ಬಿಳಿ ಸೀರೆಯ ಮೆತ್ತನೆಯ ತುಂಡೊಂದು ಸಿಕ್ಕಿತು. ಗೋಡೆಗೆ ಬಿಗಿದು ಕುಂಚ ಎಳೆದ. ಶಾಯಿ ಸೊಗಸಾಗಿ ಹಬ್ಬಿತು. ಆದರೆ ನಡುವೆ ಮೊಳದುದ್ದದ ಒಂದು ಜಾಗದಲ್ಲಿ ಮಾತ್ರ ಎಷ್ಟು ಬಳಿದರೂ ಹಿಡಿಯಲೊಲ್ಲದು.

“ಇದೇನೇ, ಇಲ್ಲೆಲ್ಲ ಎಣ್ಣೆ ಮೆತ್ತಿದೆ! ಒಂಚೂರು ಸೋಪು ಹಾಕಿ ಉಜ್ಜಿಕೊಡು,” ಎಂದು ಕೂಗಿದ.

ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಇದೆಲ್ಲಿ ಸಿಕ್ತು ನಿಮಗೆ?”

“ಬೀರು ತಳದಲ್ಲಿ. ಹಳೇ ಚಿಂದಿ ತಾನೆ?”

ಅವಳು ಹತ್ತಿರ ಬಂದು, ಕಪ್ಪಿನ ನಡುವೆ ಉಳಿದ ಆ ಬಿಳಿಯ ಮೇಲೆ ಅಂಗೈ ಇಟ್ಟಳು.

“ಪಾಪೂಗೆ ಎಣ್ಣೆ ಹಚ್ಚಿ ಇದರ ಮೇಲೇ ಮಲಗಿಸ್ತಿದ್ದೆ ರೀ. ಅವನು ಹೋದ್ಮೇಲೆ ಇದನ್ನ ಒಗೆದೇ ಇಲ್ಲ.”