ಬಿಳಿ ಚುಕ್ಕೆಯ ಪುಲ್ಲಿ

ಎಂಜಿನ್ ಎರಡು ಸಲ ಸೀನಿತು, ಒಂದು ಸಲ ಕೆಮ್ಮಿತು, ನಿಂತುಹೋಯಿತು.

"ಇನ್ನೊಂದ್ಸಲ ತಿರುಗಿಸು," ಎಂದ ಅಪ್ಪ, ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ.

ಸ್ಟಿಯರಿಂಗಿನ ಹಿಂದೆ ಕೂತಿದ್ದ ಮಗಳು ಕೀ ತಿರುಗಿಸಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಳು. ಇದು ಎಷ್ಟನೇ ಸಲವೋ ದೇವರೇ ಬಲ್ಲ. ಇವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಅವಳು ನೂರು ಮೈಲಿ ಆಚೆಯ ಊರಿನಲ್ಲಿ ಕೆಲಸಕ್ಕೆ ಹಾಜರಾಗಬೇಕು. ಬಾವಿ ಬಾವಿ ಸುತ್ತಿ ನೀರು ತಂದು ಪರೀಕ್ಷೆ ಮಾಡುವ ಕೆಲಸ, ಸ್ವಂತ ಕಾರಿದ್ದವರಿಗೆ ಮಾತ್ರ. ಎರಡು ವರ್ಷ ಅರ್ಜಿ ಹಾಕಿ ಹಾಕಿ ಕೈ ಸೋತ ಮೇಲೆ ಸಿಕ್ಕಿದ್ದು. ಸೋಮವಾರ ತಪ್ಪಿದರೆ ಕೆಲಸವೂ ತಪ್ಪಿದ ಹಾಗೇ.

ಕಾರಿನದು ಹಳೇ ಮಾಡೆಲ್ ಎಂಜಿನ್. ಅದರ ಮೇಲ್ಭಾಗ, ಅಂದರೆ ಹೆಡ್, ಬಿರುಕು ಬಿಟ್ಟಿತ್ತು. "ಅದಕ್ಕೇನಂತೆ?" ಎಂದಿದ್ದ ಅಪ್ಪ. "ಗುಜರಿಯಿಂದ ಹೊಸ ಮಾಡೆಲ್ ಎಂಜಿನ್ ತರಿಸ್ತೀನಿ. ಅದರ ಹೆಡ್ ಇದಕ್ಕೆ ಕೂರುತ್ತೆ. ಎರಡು ಸೇರಿಸಿ ಒಂದು ಮಾಡಿದರಾಯ್ತು. ನಾಲ್ಕು ದಿನದ ಕೆಲಸ."

ನಾಲ್ಕು ದಿನ ಹೋಗಿ ನಲವತ್ತು ದಿನವಾಗಿತ್ತು.

ಅಪ್ಪನೇನು ಸಾಮಾನ್ಯನೇ? ಊರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳಿಬಿಡುವವನು. ಅಂಥವನ ಕೈಯಲ್ಲಿ ಸ್ವಂತ ಮಗಳ ಕಾರು ರಿಪೇರಿಯಾಗುತ್ತಿಲ್ಲ ಎಂದರೆ ಯಾರ ಕಿವಿಗೆ ಹೂವಿಡುವ ಆಟ ಇದು?

ಈಚೆಗೆ ಅವನ ವರಸೆಯೇ ಬೇರೆಯಾಗಿತ್ತು. ಶೆಡ್ಡಿನ ಬಲ್ಬು ಹೋಗಿ ತಿಂಗಳಾದರೂ ಬದಲಿಸಿರಲಿಲ್ಲ. "ಮೂವತ್ತು ವರ್ಷ ಪಳಗಿದ ಕೈಗೆ ಬಲ್ಬ್ ಯಾಕೆ?" ಎಂದಿದ್ದ. ಅವಳ ಕೆಲಸದ ಕಾಗದವನ್ನು ಐದಾರು ಸಲ ಓದಿಸಿ ಕೇಳಿದ್ದ, ಎಲ್ಲಾದರೂ ಒಂದು ಕೊಕ್ಕೆ ಸಿಗಬಹುದೇ ಎಂದು ಹುಡುಕುವವನ ಹಾಗೆ. ಹೋದ ತಿಂಗಳು ಅವಳು ಶೆಡ್ಡಿನ ಕಪಾಟು ಒರೆಸಿ, ಸಾಮಾನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದಳು. ಎಂದೂ ಗದರದ ಅಪ್ಪ ಅವತ್ತು ಕೂಗಾಡಿಬಿಟ್ಟಿದ್ದ. "ಹಳೇದು ಎಡಕ್ಕೆ, ಹೊಸದು ಬಲಕ್ಕೆ ಇಟ್ಟಿದ್ದೆ ಕಣೇ! ಯಾರು ನಿನಗೆ ಮುಟ್ಟು ಅಂದೋರು?" ಒಳ್ಳೆಯದು ಮಾಡಹೋಗಿ ಬೈಸಿಕೊಂಡ ಸಂಕಟಕ್ಕೆ ಅವಳು ಅವತ್ತು ಊಟವನ್ನೇ ಬಿಟ್ಟಿದ್ದಳು.

"ಕಾರ್ಬುರೇಟರ್ ಇನ್ನೊಂದ್ಸಲ ತೊಳೆಯೋಣ," ಎಂದ ಅಪ್ಪ.

"ತೊಳಿ, ತೊಳೀತಾ ಇರು!" ಅವಳು ಕಾರಿನ ಬಾಗಿಲನ್ನು ಧಡಾರನೆ ಹಾಕಿ ನಡೆದಳು. ನೆಟ್ಟಗೆ ಬೀದಿ ಕೊನೆಯ ಗುಜರಿ ಅಂಗಡಿಗೆ.

ಗುಜರಿಯವನು ಕತೆಯೆಲ್ಲ ಕೇಳಿ ನಕ್ಕ. ಸುತ್ತ ಹಲ್ಲಿದ್ದ ಎರಡು ಚಕ್ರ ತೆಗೆದು ಅವಳ ಮುಂದಿಟ್ಟ.

"ಟೈಮಿಂಗ್ ಪುಲ್ಲಿ, ಅಂದ್ರೆ ಎಂಜಿನ್ ಬೆಲ್ಟ್ ಓಡೋ ಈ ಚಕ್ರ, ತಪ್ಪು ಬಿದ್ದಿದೆ ಕಣಮ್ಮ. ಹೆಡ್ ಹೊಸದಾದ್ರೂ ಪುಲ್ಲಿ ಹಳೇ ಮಾಡೆಲ್‌ದೇ ಹಾಕಬೇಕು. ಬಿಳಿ ಚುಕ್ಕೆ ಹಳೇದು, ಹಳದಿ ಚುಕ್ಕೆ ಹೊಸದು."

"ನೋಡೋಕೆ ಎರಡೂ ಒಂದೇ ಥರ ಇವೆಯಲ್ಲ ಅಣ್ಣ?"

"ಅಳತೆ, ತೂಕ, ಹಲ್ಲು ಎಲ್ಲ ಒಂದೇ. ಒಳಗಿನ ಕಚ್ಚು ಮಾತ್ರ ಒಂಚೂರು ಆಚೀಚೆ. ಕೈಗೆ ಗೊತ್ತಾಗಲ್ಲ ಅಂತಲೇ ಬಣ್ಣ ಹಚ್ಚಿರೋದು. ಇದನ್ನ ನನಗೆ ಕಲಿಸಿದ್ದೇ ನಿಮ್ಮಪ್ಪ. ಅವರಿಗೆ ಗೊತ್ತಿಲ್ವಾ?"

ಅವಳ ಮೈ ಉರಿದುಹೋಯಿತು. ಗೊತ್ತಿತ್ತು! ಎಲ್ಲ ಗೊತ್ತಿದ್ದೂ ನಲವತ್ತು ದಿನ ಅವಳನ್ನು ಆಟ ಆಡಿಸಿದ್ದ.

ಶೆಡ್ಡಿಗೆ ಬಂದವಳೇ ಮೊಬೈಲಿನ ಟಾರ್ಚ್ ಬಿಟ್ಟು ಎಂಜಿನ್ನಿನೊಳಗೆ ಬಗ್ಗಿ ನೋಡಿದಳು. ಹಳದಿ ಚುಕ್ಕೆ. ಬಿಳಿಯದು ಕಪಾಟಿನ ಬಲಗಡೆ, ಅವಳೇ ಒರೆಸಿಟ್ಟ ಜಾಗದಲ್ಲಿ, ತಣ್ಣಗೆ ಕೂತಿತ್ತು.

"ಹಳದಿ ಚುಕ್ಕೆದು ಹಾಕಿದ್ದೀಯ ಅಪ್ಪಾ."

ಅಪ್ಪನ ಕೈಯ ಸ್ಪ್ಯಾನರ್ ನಿಂತಿತು. "ಹಳದಿಯಾ?" ಎಂದ ಮೆಲ್ಲಗೆ.

"ಆಹಾ, ಏನೂ ಗೊತ್ತೇ ಇಲ್ಲ ಪಾಪ! ಬೇಕಂತಲೇ ಮಾಡಿದ್ದೀಯ. ನಾನು ಹೋಗಬಾರದು ಅಂತ ತಾನೇ? ನಿನಗೆ ಬೇಯಿಸಿ ಹಾಕ್ಕೊಂಡು ಇಲ್ಲೇ ಕೊಳೀಬೇಕು ಅಂತ ತಾನೇ? ಬಾಯಿಬಿಟ್ಟು ಹೇಳು!"

ಅಪ್ಪ ಸ್ಪ್ಯಾನರನ್ನು ಅಂಗಿಗೆ ಒರೆಸಿದ.

"ಹೂಂ. ಬೇಕಂತಲೇ ಮಾಡಿದೆ," ಎಂದ. "ಸಿಕ್ಕಿಬಿದ್ದೆನಲ್ಲ. ಈಗ ನೀನೇ ಹಾಕು. ಹಾಕಿಕೊಂಡು ಹೊರಡು, ತಿರುಗಿ ನೋಡಬೇಡ."

ಅವಳಿಗೆ ಅಳುವೇ ಬಂತು. ಅಳುತ್ತಲೇ ಬೆಲ್ಟ್ ಬಿಚ್ಚಿದಳು, ಹಳದಿ ಕಿತ್ತಳು, ಬಿಳಿ ಕೂರಿಸಿದಳು. ಎರಡು ಗಂಟೆ ಹಿಡಿಯಿತು. ಗೆಣ್ಣು ತರಚಿ ರಕ್ತ ಬಂತು. ಅಪ್ಪ ಪಕ್ಕದಲ್ಲೇ ನಿಂತು, ಬೆರಳಲ್ಲಿ ಮುಟ್ಟಿ ಮುಟ್ಟಿ, "ಬೆಲ್ಟ್ ಬಿಗಿ ಸಾಲದು," "ಆ ಬೋಲ್ಟ್ ಇನ್ನರ್ಧ ಸುತ್ತು," ಎನ್ನುತ್ತಿದ್ದ. ಅವನು ಹೇಳಿದಷ್ಟನ್ನು ಮಾತ್ರ ಅವಳು ಮಾಡಿದಳು. ಬಾನೆಟ್ಟು ಮುಚ್ಚಿ ಒಳಗೆ ಕೂತು ಕೀ ತಿರುಗಿಸಿದಳು.

ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಸೀನಲಿಲ್ಲ, ಕೆಮ್ಮಲಿಲ್ಲ. ನಲವತ್ತು ದಿನದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಅವಳು ಕಂಡ ಕಂಡ ಸ್ವಿಚ್ಚೆಲ್ಲ ಒತ್ತಿದಳು. ಹಾರನ್ ಕೂಗಿತು, ವೈಪರ್ ಆಡಿತು.

ಅಪ್ಪ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ಕಾರಿನ ಮುಂದೆ ಬಂದು ನಿಂತ. ತಲೆ ಓರೆ ಮಾಡಿ ಸದ್ದು ಕೇಳಿದ. ತಿಂಗಳ ಮೇಲೆ ಮೊದಲ ಸಲ ಮುಖ ಅರಳಿತು.

"ಸರಿಯಾಯ್ತು ಪುಟ್ಟೀ, ಇನ್ನು ದಾರೀಲಿ ಕೈ ಕೊಡಲ್ಲ," ಎಂದ. "ಹಾಗೇ ಹೆಡ್‌ಲೈಟೂ ಒಂದ್ಸಲ ಹಾಕಿ ನೋಡಿಬಿಡು, ಉರಿಯುತ್ತಾ ಅಂತ."

ಹೆಡ್‌ಲೈಟುಗಳು ಆಗಲೇ ಉರಿಯುತ್ತಿದ್ದವು, ಅಪ್ಪನ ತೆರೆದ ಕಣ್ಣಿಗೆ ನೇರವಾಗಿ.