ಅನ್ಸಾಫನ ಉತ್ತರ

ಮಯ್ಯತ್ತನ್ನು ಎತ್ತುವ ಹೊತ್ತಿಗೆ ಅವ್ವಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಅಂಗಳದಲ್ಲಿ ವಾಮದಪದವಿನ ಜಮಾಅತಿನವರು ಹೆಗಲು ಕೊಡಲು ಕಾಯುತ್ತಿದ್ದರು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದುದು ಅವರ ಕಿರಿಯ ಮಗ ಅನ್ಸಾಫನನ್ನು. ಜ್ವರ ಎದೆಗಿಳಿದು ಹಿಂದಿನ ಸಂಜೆ ತೀರಿಕೊಂಡಿದ್ದ, ಗಡ್ಡ ಮೀಸೆ ಬಂದ ಗಂಡಸು.

"ತಲ್ಕೀನ್ ಓದ್ತೇನೆ ಅಂತ ಉಸ್ತಾದರು ಒಂದು ಮಾತು ಹೇಳ್ಲಿ. ಆಮೇಲೆ ಎತ್ತಿ."

ಕಬರಿಗೆ ಮಣ್ಣು ಮುಚ್ಚಿದ ಮೇಲೆ ಮಸೀದಿಯ ಖತೀಬರು ತಲೆದೆಸೆಯಲ್ಲಿ ಕುಳಿತು, ಸತ್ತವನನ್ನು ಅವನ ತಾಯಿಯ ಹೆಸರು ಹಿಡಿದು ಕರೆದು, ಹೇಳಿಕೊಡುವ ಮಾತು ಅದು. ಈಗ ಇಬ್ಬರು ದೇವದೂತರು ಬರುತ್ತಾರೆ, ನಿನ್ನ ರಬ್ಬು, ನಿನ್ನ ಒಡೆಯ, ಯಾರೆಂದು ಕೇಳುತ್ತಾರೆ, ಹೆದರಬೇಡ, ಹೀಗೆ ಉತ್ತರ ಹೇಳು ಎಂದು. ಖತೀಬರಾದ ಇಬ್ರಾಹಿಂ ಖಲೀಲ್ ಉಸ್ತಾದರು ಪ್ರಾಯದಲ್ಲಿ ಚಿಕ್ಕವರು, ಮೆತ್ತಗಿನ ಮನುಷ್ಯ. ಮಕ್ಕಳಿಗೂ ಹುಟ್ಟಾ ಬುದ್ಧಿ ಇಲ್ಲದವರಿಗೂ ತಲ್ಕೀನ್ ಬೇಕಿಲ್ಲ, ಅವರಿಗೆ ಕಬರಿನಲ್ಲಿ ಪ್ರಶ್ನೆಯೇ ಇಲ್ಲ ಎಂದು ಬೆಳಿಗ್ಗೆ ಹೇಳಿದ್ದರು. ಮನೆಯವರಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ದೊಡ್ಡ ಮಗ ಇರ್ಷಾದ್ ಅದನ್ನು ತಾಯಿಗೆ ಮುಟ್ಟಿಸಿದ. ಆಗ ನಿಂತ ಅವ್ವಮ್ಮನ ಅಳು ಮತ್ತೆ ಬಂದಿರಲಿಲ್ಲ.

ದುಃಖದಲ್ಲಿ ಇವಳಿಗೇ ಬುದ್ಧಿ ತಪ್ಪಿತೋ ಏನೋ ಎಂದು ಮೈದುನ ಮಹಮ್ಮದ್ ಕುಂಞಿ ಅಂಗಳದಲ್ಲಿ ಗೊಣಗಿದರು. ಹಾಗಾದರೆ ನಾಳೆ ನನಗೂ ಓದುವುದು ಬೇಡ, ನೆನಪಿಟ್ಟುಕೊಳ್ಳಿ, ಎಂದು ಅವ್ವಮ್ಮ ಅತ್ತ ತಿರುಗದೆಯೇ ಹೇಳಿದರು.

ಇರ್ಷಾದ್ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ತಾಯಿಯ ಕೈ ಹಿಡಿದು ತಗ್ಗಿದ ದನಿಯಲ್ಲಿ ವಿವರಿಸಿದ. ಅನ್ಸಾಫನ ಮಿದುಳಿನ ಎಡಕ್ಕೂ ಬಲಕ್ಕೂ ನಡುವೆ ಇರಬೇಕಾದ ಸೇತುವೆ ಹುಟ್ಟಿನಿಂದಲೇ ಇರಲಿಲ್ಲ, ಒಳ್ಳೆಯದು ಕೆಟ್ಟದ್ದು ತೂಗಿ ನೋಡುವ ಮುಂಭಾಗವೂ ಸರಿಯಾಗಿ ಬೆಳೆದಿರಲಿಲ್ಲ, ಮಂಗಳೂರಿನ ಡಾಕ್ಟರು ತೋರಿಸಿದ್ದರಲ್ಲ ಎಂದ. ಅವ್ವಮ್ಮನಿಗೆ ನೆನಪಿತ್ತು. ಬೆಳಕಿಗೆ ಹಿಡಿದ ಫಿಲ್ಮಿನಲ್ಲಿ ಮಗನ ತಲೆಯ ನಡುವೆ ಒಂದು ಕಪ್ಪು. ಅದಕ್ಕೆ ಮೊದಲು ಡಾಕ್ಟರು ಮಗುವಿನ ಗಲ್ಲ ಹಿಡಿದು ಹೆಸರೇನು ಎಂದು ಕೇಳಿದ್ದರು. ಅನ್ಸಾಫ್ ಬಾಯಿ ತೆರೆದು ಮಾತನ್ನು ಎಲ್ಲಿಂದಲೋ ಎಳೆದು ತರುತ್ತಿದ್ದ. ಅಷ್ಟರಲ್ಲಿ ಅವ್ವಮ್ಮ ತಾವೇ ಹೇಳಿಬಿಟ್ಟರು. ಮುಂದೆಯೂ ಹಾಗೆಯೇ ನಡೆಯಿತು. ಅಂಗಡಿಯವರು, ನೆಂಟರು, ಬಸ್ಸಿನ ಕಂಡಕ್ಟರು, ಯಾರು ಏನು ಕೇಳಿದರೂ ಅವನ ಉತ್ತರ ನಾಲಿಗೆಗೆ ಬರುವ ಮೊದಲೇ ತಾಯಿಯ ಉತ್ತರ ಮುಗಿದಿರುತ್ತಿತ್ತು.

"ಅರಿವು ಅಂದ್ರೆ ಮಿದುಳಿನ ಭಾಗಗಳು ಒಂದಕ್ಕೊಂದು ಮಾತಾಡಿಕೊಂಡಾಗ ಹುಟ್ಟುವಂಥದ್ದು ಉಮ್ಮ," ಎಂದ ಇರ್ಷಾದ್. "ಅವನಲ್ಲಿ ಮಾತಾಡ್ಲಿಕ್ಕೆ ದಾರಿಯೇ ಇರ್ಲಿಲ್ಲ."

"ದಾರಿ ಇರ್ಲಿಲ್ವಾ? ನಿನ್ನ ಅಂಗಿಯ ಕಿಸೆಗೆ ಖರ್ಜೂರದ ಬೀಜ ಹಾಕಿದ್ದು ಯಾರು ಮತ್ತೆ?"

ಇರ್ಷಾದನಿಗೂ ನೆನಪಿತ್ತು. ಅನ್ಸಾಫನಿಗೆ ಮೀಸೆ ಚಿಗುರಿದ ಮೇಲಿನ ಒಂದು ರಂಝಾನಿನ ಮಧ್ಯಾಹ್ನ. ಉಪವಾಸ ಬಿಡಲೆಂದು ಮುಚ್ಚಿಟ್ಟ ಖರ್ಜೂರ ಖಾಲಿಯಾಗಿತ್ತು, ಬೀಜಗಳು ಇರ್ಷಾದನ ಕಿಸೆಯಲ್ಲಿ ಸಿಕ್ಕಿದ್ದವು. ಕಾಲೇಜಿಗೆ ಹೋಗುವ ಪ್ರಾಯದಲ್ಲಿ ತಾಯಿಯಿಂದ ಸೌಟಿನ ಪೆಟ್ಟು ತಿಂದವನು ಅವನು. ಅನ್ಸಾಫ್ ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದ. ಮರುದಿನ ಸಂಜೆ ಮಗ್ರಿಬಿನ ಬಾಂಗ್ ಆದಾಗ ಮಾತ್ರ, ತನ್ನ ಪಾಲಿನ ಖರ್ಜೂರವನ್ನು ಬಾಯಿಗಿಡದೆ ಎದ್ದುಹೋಗಿ, ಅದೇ ಅಂಗಿಯ ಅದೇ ಕಿಸೆಗೆ ಹಾಕಿ ಬಂದಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ.

"ಕದ್ದ. ತಪ್ಪನ್ನು ನಿನ್ನ ತಲೆಗೆ ಕಟ್ಟಿದ. ಆಮೇಲೆ ನಾಚಿಕೆ ಆಯ್ತು ಅವನಿಗೆ. ಆ ನಾಚಿಕೆ ಯಾವ ಸೇತುವೆ ದಾಟಿ ಬಂತು ಮಾಷ್ಟ್ರೇ?" ಮಗನನ್ನು ಅವರು ಹಾಗೆ ಕರೆದದ್ದು ಅದೇ ಮೊದಲು. "ನನ್ನ ಬಾಪ ಪೊಳಲಿ ಹತ್ತಿರ ಕಡವಿನಲ್ಲಿ ದೋಣಿ ಹಾಕ್ತಿದ್ರು. ಆಗ ಅಲ್ಲಿ ಸೇತುವೆ ಇರ್ಲಿಲ್ಲ. ಜನ ಹೊಳೆ ದಾಟ್ಲಿಲ್ವಾ? ತಡ ಆಗ್ತಿತ್ತು, ಅಷ್ಟೇ."

ಹೊಸ್ತಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದ ಉಸ್ತಾದರು ಗಂಟಲು ಸರಿಮಾಡಿಕೊಂಡರು.

"ಓದ್ಲಿಕ್ಕೆ ನನಗೇನೂ ಅಡ್ಡಿ ಇಲ್ಲ ಉಮ್ಮ. ಆದ್ರೆ ಅವನು ವಿಚಾರಣೆ ಇಲ್ಲದೆ ನೇರ ಸ್ವರ್ಗಕ್ಕೆ ಹೋಗುವವ. ಬುದ್ಧಿ ಇತ್ತು ಅಂತ ನೀವೇ ಹಟ ಹಿಡಿದ್ರೆ ಆ ಖರ್ಜೂರವೂ ಅವನ ಮೇಲೆ ಬರ್ತದೆ. ಹೆತ್ತವರು ಅದನ್ನು ಕೇಳುವುದುಂಟಾ?"

ಅವ್ವಮ್ಮ ಬಿಳಿ ಬಟ್ಟೆಯ ಕಡೆಗೆ ಒಮ್ಮೆ ನೋಡಿದರು.

"ಬರ್ಲಿ. ಕದ್ದದ್ದೂ ಅವನೇ, ತಿರುಗಿ ಕೊಟ್ಟದ್ದೂ ಅವನೇ. ಏನೂ ಗೊತ್ತಿಲ್ಲದವ ಅಂತ ಪುಕ್ಕಟೆ ಸಿಗುವ ಸ್ವರ್ಗ ನನ್ನ ಮಗನಿಗೆ ಬೇಡ. ಎಲ್ಲರನ್ನೂ ಕೇಳಿದ ಹಾಗೆ ಅವನನ್ನೂ ಕೇಳ್ಲಿ."

ಇರ್ಷಾದ್ ತಮ್ಮನ ತಲೆದೆಸೆಗೆ ಹೋಗಿ ಬಗ್ಗಿದ. ಅಲ್ಲಿಂದ ತಿರುಗದೆಯೇ, "ಓದಿ ಉಸ್ತಾದ್," ಎಂದ. ಅವ್ವಮ್ಮ ಬಾಗಿಲು ಬಿಟ್ಟರು.

ಹೆಂಗಸರು ಕಬರಸ್ಥಾನಕ್ಕೆ ಹೋಗುವ ರೂಢಿ ಇಲ್ಲ. ಆದರೆ ಅವರ ಹಿತ್ತಿಲಿಗೂ ಅದಕ್ಕೂ ನಡುವೆ ಒಂದು ಮುರಕಲ್ಲಿನ ಗೋಡೆ ಮಾತ್ರ. ಅವ್ವಮ್ಮ ಅದಕ್ಕೆ ಕಿವಿಯಾನಿಸಿ ನಿಂತರು. ಹಾರೆಯ ಸದ್ದು ನಿಂತು, ಕಾಲ ಸಪ್ಪಳ ದೂರವಾಗಿ, ಉಸ್ತಾದರ ದನಿ ಎದ್ದಿತು. ಅರಬಿಯ ನಡುವೆ ಮಗನ ಹೆಸರು, ಅದರ ಬೆನ್ನಿಗೆ ಅವನ ತಾಯಿಯೆಂದು ತಮ್ಮ ಹೆಸರು. ಮುಂದಿನದು ಅವರಿಗೆ ಗೊತ್ತಿತ್ತು. ನಿನ್ನ ರಬ್ಬು ಯಾರು.

ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅವ್ವಮ್ಮ ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿ, ಹಲ್ಲು ಕಚ್ಚಿ ಹಿಡಿದರು.